ಹಾಯಿನೌಕೆಯ ಚುಕ್ಕಾಣಿ ಕೋಣೆಗೆ ನೀರು: ತಡೆ, ತಪಾಸಣೆ ಮತ್ತು ವಿಮೆ

2022ರ ನವೆಂಬರ್ 18ರಂದು ದಕ್ಷಿಣ ಆಫ್ರಿಕದ ಪೋರ್ಟ್ ಎಲಿಜಬೆತ್ ಬಂದರಿನಿಂದ ಆಗ್ನೇಯ ದಿಕ್ಕಿಗೆ ಸುಮಾರು 450 ನಾಟಿಕಲ್ ಮೈಲು ದೂರದಲ್ಲಿ ‘ಆಸ್ಟೇರಿಯಾ’ ಎಂಬ 36 ಅಡಿ ವರ್ಗದ ಹಾಯಿನೌಕೆಯೊಂದು ಮುಳುಗಿತು. ಫಿನ್‌ಲ್ಯಾಂಡಿನ ಅನುಭವಿ ನಾವಿಕರಾದ ತಾಪಿಯೋ ಲೆಹ್ತಿನೆನ್ ಅವರು ಅದರಲ್ಲಿ ಏಕಾಂಗಿಯಾಗಿ ‘ಗೋಲ್ಡನ್ ಗ್ಲೋಬ್’ ಎಂಬ ಭೂಪ್ರದಕ್ಷಿಣೆಯ ಸ್ಪರ್ಧೆಯಲ್ಲಿ ಪಾಲ್ಗೊಂಡಿದ್ದರು. ನಿದ್ರೆಯಲ್ಲಿದ್ದ ಅವರು ಎಚ್ಚೆತ್ತು ನೋಡುವಷ್ಟರಲ್ಲಿ ನೀರು ಹಿಂಬದಿಯಿಂದ ಒಳನುಗ್ಗುತ್ತಿತ್ತು. ಸುಮಾರು ಐದು ನಿಮಿಷಗಳಲ್ಲಿ ಹಿಂಭಾಗವು ಡೆಕ್ಕಿನ ಮಟ್ಟದವರೆಗೆ ತುಂಬಿತು. ರಕ್ಷಣಾ ತೆಪ್ಪದಲ್ಲಿ ರಾತ್ರಿಯನ್ನು ಕಳೆದ ಅವರನ್ನು ಮರುದಿನ ಸಹಸ್ಪರ್ಧಿ ಕರ್ಸ್ಟನ್ ನಾಯ್‌ಶೇಫರ್ ತಮ್ಮ ನೌಕೆಗೆ ಎತ್ತಿಕೊಂಡು, ಬಳಿಕ ‘ದರ್ಯಾ ಗಾಯತ್ರಿ’ ಎಂಬ ಸರಕು ಹಡಗಿಗೆ ಹಸ್ತಾಂತರಿಸಿದರು. ನಮ್ಮವರೇ ಆದ, ಭಾರತೀಯ ನೌಕಾಪಡೆಯ ನಿವೃತ್ತ ಅಧಿಕಾರಿ ಅಭಿಲಾಷ್ ಟಾಮಿ ಅವರೂ ಸ್ಪರ್ಧೆಯ ಮಾರ್ಗವನ್ನು ಬಿಟ್ಟು ಅವರ ನೆರವಿಗೆ ನೌಕೆಯನ್ನು ತಿರುಗಿಸಿದ್ದರು. 2023ರ ಏಪ್ರಿಲ್‌ನಲ್ಲಿ ಸ್ಪರ್ಧೆ ಮುಗಿದಾಗ ಕರ್ಸ್ಟನ್ ಪ್ರಥಮ, ಅಭಿಲಾಷ್ ದ್ವಿತೀಯ ಸ್ಥಾನ ಪಡೆದದ್ದು ವಾಚಕರಿಗೆ ನೆನಪಿರಬಹುದು.

ಹಿಂಬದಿಯ ಯಾವ ಭಾಗ ಒಡೆದು ನೀರು ಬಂದಿತೆಂಬುದನ್ನು ಪರೀಕ್ಷಿಸಲು ಅವಕಾಶವಿಲ್ಲ. ನೌಕೆಯು ಸಮುದ್ರದ ತಳ ಸೇರಿದೆ. ಇಂತಹ ಪ್ರಸಂಗಗಳಲ್ಲಿ ಜೀವ ಉಳಿದ ಸಮಾಧಾನದ ಹಿಂದೆಯೇ ಲೆಕ್ಕಪತ್ರದ ಪ್ರಶ್ನೆಯೂ ಬರುತ್ತದೆ. ನೀರು ಹೇಗೆ ಬಂದಿತು, ಅದನ್ನು ಯಾರು ರುಜುವಾತುಪಡಿಸಬೇಕು, ರುಜುವಾತುಪಡಿಸಲು ಏನು ಉಳಿದಿದೆ? ಪ್ರಸ್ತುತ ಲೇಖನವು ಈ ಪ್ರಶ್ನೆಗಳನ್ನೂ, ಅವುಗಳಿಗೆ ಮೂಲವಾದ ತಾಂತ್ರಿಕ ಸಂಗತಿಗಳನ್ನೂ ಒಟ್ಟಿಗೆ ವಿವರಿಸಲು ಯತ್ನಿಸುತ್ತದೆ. ನಮ್ಮ ಸದಸ್ಯರಲ್ಲಿ ಹಾಯಿನೌಕೆಯುಳ್ಳವರು ಬೆರಳೆಣಿಕೆಯಷ್ಟೇ ಇರಬಹುದು. ಆದರೆ ಪ್ರವಾಸೋದ್ಯಮಕ್ಕಾಗಿ ನೌಕೆ ಕೊಳ್ಳುವ ವಿಚಾರದಲ್ಲಿರುವವರು ಇದ್ದಾರೆ. ಯಾಂತ್ರೀಕೃತ ಮೀನುಗಾರಿಕಾ ದೋಣಿಗಳ ಮಾಲೀಕರಂತೂ ಅನೇಕರಿದ್ದಾರೆ. ಚುಕ್ಕಾಣಿಯ ದಂಡವು ತಳವನ್ನು ತೂರಿಕೊಂಡು ಒಳಬರುವ ಯಾವ ದೋಣಿಗೂ ಇಲ್ಲಿನ ಬಹುಪಾಲು ಮಾತು ಅನ್ವಯಿಸುತ್ತದೆ.

ಕೋಣೆಯ ರಚನೆ

ಆಧುನಿಕ ಹಾಯಿನೌಕೆಯ ಹಿಂತುದಿಯಲ್ಲಿ, ನಾವಿಕನು ಕುಳಿತುಕೊಳ್ಳುವ ಕಾಕ್‌ಪಿಟ್ಟಿನ ಕೆಳಗೆ ಅಥವಾ ಹಿಂದೆ, ಒಂದು ಕೋಣೆ ಇರುತ್ತದೆ. ನೀರೊಳಗಿನ ಚುಕ್ಕಾಣಿ ಹಲಗೆಗೆ ಜೋಡಿಸಿದ ಲೋಹದ ದಂಡವು ನೌಕೆಯ ತಳದಲ್ಲಿರುವ ರಂಧ್ರದ ಮೂಲಕ, ಒಂದು ಕೊಳವೆಯೊಳಗೆ ಹಾದು ಈ ಕೋಣೆಗೆ ಬರುತ್ತದೆ. ಕೆಳಗೊಂದು, ಮೇಲೊಂದು ಬೇರಿಂಗ್ ಅದನ್ನು ಹಿಡಿದಿರುತ್ತವೆ. ದಂಡದ ಮೇಲ್ತುದಿಗೆ ಕ್ವಾಡ್ರಂಟ್ ಎಂಬ ಅರ್ಧಚಕ್ರವನ್ನು ಬಿಗಿದು, ಉಕ್ಕಿನ ಕೇಬಲ್ಲುಗಳ ಮೂಲಕ ಮೇಲಿನ ಚಕ್ರಕ್ಕೆ ಸಂಪರ್ಕ ಕಲ್ಪಿಸಲಾಗುತ್ತದೆ. ಆಟೋಪೈಲಟ್ಟಿನ ಮೋಟಾರು, ಅದರ ವಿದ್ಯುತ್ ತಂತಿಗಳು, ಎಂಜಿನಿನ ಹೊಗೆಕೊಳವೆ, ಬಿಲ್ಜ್ ಪಂಪಿನ ಹೊರಹರಿವಿನ ಕೊಳವೆ ಇವೆಲ್ಲವೂ ಸಾಮಾನ್ಯವಾಗಿ ಇಲ್ಲಿಯೇ ಇರುತ್ತವೆ. ಇವುಗಳ ಮೇಲೆ ಮಾಲೀಕನು ಹಗ್ಗ, ಬಣ್ಣದ ಡಬ್ಬಿ, ಹಳೆಯ ಹಾಯಿ, ಗಾಳಿ ತುಂಬುವ ದೋಣಿ ಮೊದಲಾದವನ್ನು ಪೇರಿಸುತ್ತಾನೆ. ಅಂಗಡಿಯ ಅಟ್ಟದಂತೆ, ಇದು ನೌಕೆಯಲ್ಲಿ ಅತ್ಯಂತ ಕಡಿಮೆ ನೋಡಲ್ಪಡುವ ಸ್ಥಳ. ದಿಕ್ಕು ಬದಲಿಸುವ ಸಮಗ್ರ ವ್ಯವಸ್ಥೆ ಇರುವುದೂ ಇಲ್ಲಿಯೇ ಎಂಬುದು ವಿಪರ್ಯಾಸ.

ಕೊಳವೆಯ ಮೇಲ್ತುದಿಯನ್ನು ಜಲರೇಖೆಗಿಂತ ಮೇಲೆ ನಿಲ್ಲಿಸಿದರೆ ನೀರು ಏರಿ ಬರಲಾರದು ಎಂಬುದು ವಿನ್ಯಾಸಕಾರರ ಲೆಕ್ಕ. ಬಂದರಿನಲ್ಲಿ ಕಟ್ಟಿಹಾಕಿದ ನೌಕೆಯ ಮಟ್ಟಿಗೆ ಈ ಲೆಕ್ಕ ಸರಿಯೇ. ಆದರೆ ಎಂಜಿನಿನ ಪೂರ್ಣ ವೇಗದಲ್ಲಿ ನೌಕೆಯ ಹಿಂಬದಿ ಕುಸಿಯುತ್ತದೆ. ಗಾಳಿಗೆ ಓರೆಯಾದಾಗ ಒಂದು ಪಕ್ಕ ತಗ್ಗುತ್ತದೆ. ಹಿಂದಿನಿಂದ ಬರುವ ಅಲೆಯು ಹಿಂತುದಿಯನ್ನೇ ಮುಚ್ಚುತ್ತದೆ. ಪ್ರವಾಸಿಗರ ಸಾಮಾನು, ಹೆಚ್ಚುವರಿ ಬ್ಯಾಟರಿ, ಡೀಸೆಲ್ ಡಬ್ಬಿಗಳನ್ನು ಹಿಂಬದಿಯಲ್ಲೇ ತುಂಬಿದ ನೌಕೆಯಲ್ಲಿ ಕೊಳವೆಯ ತುದಿಗೂ ನೀರಿಗೂ ಇರುವ ಅಂತರ ಮತ್ತಷ್ಟು ಕಡಿಮೆಯಾಗುತ್ತದೆ. ನಕ್ಷೆಯಲ್ಲಿದ್ದ ಜಲರೇಖೆ ಮಾಲೀಕತ್ವದ ಹತ್ತು ವರ್ಷಗಳಲ್ಲಿ ಎಷ್ಟು ಮೇಲೆ ಬಂದಿದೆ ಎಂದು ಅಳೆದು ನೋಡಿದವರು ವಿರಳ.

ನೀರಿನ ಲೆಕ್ಕ

ಲೆಕ್ಕಪರಿಶೋಧಕನಾದ ನನಗೆ ಅಂಕಿಗಳಲ್ಲಿ ನೋಡಿದಾಗಲೇ ಅಪಾಯದ ಪ್ರಮಾಣ ಮನವರಿಕೆಯಾಗುತ್ತದೆ. ವಾಚಕರೂ ಬೇಕಿದ್ದರೆ ಪರಿಶೀಲಿಸಬಹುದು.

ಮೊದಲು ಸಣ್ಣ ಸೋರಿಕೆ. ಒಂದು ಹನಿಯು ಒಂದು ಮಿಲಿಲೀಟರಿನ ಇಪ್ಪತ್ತನೆಯ ಒಂದು ಭಾಗವೆಂದು ಹಿಡಿದರೆ, ಸೆಕೆಂಡಿಗೊಂದು ಹನಿಯಂತೆ ದಿನಕ್ಕೆ 4.3 ಲೀಟರು, ತಿಂಗಳಿಗೆ ಸುಮಾರು 130 ಲೀಟರು ನೀರಾಗುತ್ತದೆ. ಹನಿ ಹನಿ ಗೂಡಿದರೆ ಹಳ್ಳ ಎಂದು ನಾವು ಉಳಿತಾಯದ ಬಗ್ಗೆ ಹೇಳುವ ಮಾತು ಇಲ್ಲಿ ನಷ್ಟದ ಬಗ್ಗೆಯೂ ಅಷ್ಟೇ ನಿಜ.

ಇನ್ನು ದೊಡ್ಡ ಸೋರಿಕೆ. 60 ಮಿಲಿಮೀಟರ್ ವ್ಯಾಸದ ದಂಡವು ಹಾದುಹೋಗುವ ಜಾಗದಲ್ಲಿ ಬೇರಿಂಗ್ ನಾಶವಾಗಿ, ಸುತ್ತಲೂ 5 ಮಿಲಿಮೀಟರ್ ಸಂದು ಬಿಟ್ಟಿತೆನ್ನೋಣ. ಆ ಸಂದಿನ ವಿಸ್ತೀರ್ಣ ಸುಮಾರು 10 ಚದರ ಸೆಂಟಿಮೀಟರ್. ಅದು ನೀರಿನ ಮಟ್ಟದಿಂದ 30 ಸೆಂಟಿಮೀಟರ್ ಕೆಳಗಿದ್ದರೆ, ರಂಧ್ರದ ಅಡಚಣೆಯನ್ನು ಕಳೆದೂ, ನಿಮಿಷಕ್ಕೆ ಸುಮಾರು 90 ಲೀಟರು ನೀರು ಒಳಬರುತ್ತದೆ. ಒಂದು ಕೊಳವೆ ಕಳಚಿ 50 ಮಿಲಿಮೀಟರ್ ವ್ಯಾಸದ ತೂತು ಅರ್ಧ ಮೀಟರ್ ಆಳದಲ್ಲಿ ತೆರೆದುಕೊಂಡರೆ ನಿಮಿಷಕ್ಕೆ 220 ಲೀಟರು. ಮಾರುಕಟ್ಟೆಯಲ್ಲಿ ಗಂಟೆಗೆ 2,000 ಅಮೆರಿಕನ್ ಗ್ಯಾಲನ್ ಎಂದು ಮುದ್ರಿಸಿ ಮಾರುವ ವಿದ್ಯುತ್ ಪಂಪು, ಪರಿಪೂರ್ಣ ಸ್ಥಿತಿಯಲ್ಲಿ, ನಿಮಿಷಕ್ಕೆ 126 ಲೀಟರು ಮಾತ್ರ ಹೊರಹಾಕಬಲ್ಲದು. ಕೊಳವೆಯ ಉದ್ದ, ಎತ್ತರ, ಕುಗ್ಗಿದ ಬ್ಯಾಟರಿ ಇವುಗಳನ್ನು ಕಳೆದರೆ ನಿಜವಾದ ಸಾಮರ್ಥ್ಯ ಇದಕ್ಕಿಂತ ಬಹಳ ಕಡಿಮೆ. ಡಬ್ಬಿಯ ಮೇಲಿನ ಅಂಕಿಯನ್ನು ನಂಬಿ ನೆಮ್ಮದಿಯಿಂದಿರುವುದು ಸಲ್ಲದು.

ಈಗ ತೂಕ. 2 ಮೀಟರ್ ಅಗಲ, 1.2 ಮೀಟರ್ ಉದ್ದ, 0.6 ಮೀಟರ್ ಆಳದ ಸಾಧಾರಣ ಕೋಣೆಯಲ್ಲಿ 1.44 ಘನಮೀಟರ್ ನೀರು ಹಿಡಿಸುತ್ತದೆ. ಸಮುದ್ರದ ನೀರಿಗೆ ಘನಮೀಟರಿಗೆ 1,025 ಕಿಲೋಗ್ರಾಮ್ ತೂಕವಿರುವುದರಿಂದ ಇದು ಸುಮಾರು ಒಂದೂವರೆ ಟನ್. ಏಳೆಂಟು ಟನ್ ತೂಗುವ 36 ಅಡಿಯ ನೌಕೆಯ ತುತ್ತತುದಿಯಲ್ಲಿ ಈ ಭಾರ ಬಿದ್ದಾಗ ಹಿಂಬದಿ ಕುಸಿದು, ಅಲ್ಲಿಯವರೆಗೆ ನೀರಿನ ಮೇಲಿದ್ದ ರಂಧ್ರಗಳು ಒಂದೊಂದಾಗಿ ನೀರೊಳಗೆ ಸೇರುತ್ತವೆ: ಕೊಳವೆಯ ಮೇಲ್ತುದಿ, ಕಾಕ್‌ಪಿಟ್ಟಿನ ನೀರು ಹೊರಹೋಗುವ ತೂತು, ಗಾಳಿಕಿಂಡಿ, ಹೊಗೆಕೊಳವೆಯ ಬಾಯಿ. ಮೇಲಾಗಿ ಅರ್ಧ ತುಂಬಿದ ಕೋಣೆಯಲ್ಲಿ ನೀರು ಅತ್ತಿಂದಿತ್ತ ಹೊಯ್ದಾಡಿ ನೌಕೆಯ ಸ್ಥಿರತೆಯನ್ನು ಕೆಡಿಸುತ್ತದೆ. ಸಾಲದ ಮೇಲೆ ಬಡ್ಡಿ, ಬಡ್ಡಿಯ ಮೇಲೆ ಚಕ್ರಬಡ್ಡಿ ಬೆಳೆಯುವ ರೀತಿ ಇದು. ತಿಂಗಳುಗಟ್ಟಲೆ ಹನಿಯಾಗಿದ್ದ ಸೋರಿಕೆ ನಿಮಿಷಗಳಲ್ಲಿ ಮುಳುಗಡೆಯಾಗುವುದು ಹೀಗೆ.

ಗ್ಲ್ಯಾಂಡ್ ಮತ್ತು ಅದರ ಬಂಧುಗಳು

ತೋಟದ ಪಂಪ್‌ಸೆಟ್ಟನ್ನು ಕಂಡ ಪ್ರತಿಯೊಬ್ಬರಿಗೂ ಗ್ಲ್ಯಾಂಡ್ ಪರಿಚಿತ. ತಿರುಗುವ ದಂಡದ ಸುತ್ತ ಗ್ರೀಸ್ ಹಚ್ಚಿದ ದಾರವನ್ನು ಸುತ್ತಿ, ಮೇಲಿನಿಂದ ಬಿಲ್ಲೆಯೊಂದನ್ನು ನಟ್ಟುಗಳಿಂದ ಬಿಗಿದು ನೀರನ್ನು ತಡೆಯುವ ಉಪಾಯ ಅದು. ಚುಕ್ಕಾಣಿಯ ದಂಡಕ್ಕೂ ಇದೇ ಉಪಾಯ. ಆದರೆ ಒಂದು ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು. ಪಂಪಿನ ಅಥವಾ ಪ್ರೊಪೆಲ್ಲರಿನ ದಂಡವು ನಿರಂತರ ವೇಗವಾಗಿ ತಿರುಗಿ ಕಾಯುವುದರಿಂದ ತಂಪಿಗಾಗಿ ಒಂದೆರಡು ಹನಿ ಬೀಳುವುದು ಅಲ್ಲಿ ಸಹಜವಷ್ಟೇ ಅಲ್ಲ, ಅಪೇಕ್ಷಣೀಯವೂ ಹೌದು. ಚುಕ್ಕಾಣಿಯ ದಂಡವು ಅತ್ತ ಸ್ವಲ್ಪ, ಇತ್ತ ಸ್ವಲ್ಪ ನಿಧಾನವಾಗಿ ಹೊರಳುತ್ತದೆಯೇ ಹೊರತು ಕಾಯುವುದಿಲ್ಲ. ಆದ್ದರಿಂದ ಇಲ್ಲಿ ಒಂದು ಹನಿಯೂ ಬೀಳಕೂಡದು. ‘ಗ್ಲ್ಯಾಂಡ್ ಅಂದ ಮೇಲೆ ಸ್ವಲ್ಪ ಸೋರುವುದೇ’ ಎಂಬ ಮೆಕ್ಯಾನಿಕ್ಕಿನ ಮಾತನ್ನು ಚುಕ್ಕಾಣಿಯ ವಿಷಯದಲ್ಲಿ ಒಪ್ಪಬಾರದು.

ದಾರವನ್ನು ಒಂದೇ ಉದ್ದದ ಸುರುಳಿಯಾಗಿ ಸುತ್ತದೆ, ಪ್ರತ್ಯೇಕ ಉಂಗುರಗಳಾಗಿ ಕತ್ತರಿಸಿ, ಒಂದರ ಜೋಡಣೆ ಇನ್ನೊಂದರ ಜೋಡಣೆಯ ಮೇಲೆ ಬಾರದಂತೆ ಕೂರಿಸಬೇಕು. ಹಳೆಯ ದಾರವನ್ನು ಪೂರ್ತಿ ತೆಗೆಯದೆ ಮೇಲೊಂದು ಉಂಗುರ ಸೇರಿಸಿ ಬಿಗಿಯುವುದು ಎಲ್ಲ ಕಡೆ ನಡೆಯುವ ಅಡ್ಡದಾರಿ. ಅತಿಯಾಗಿ ಬಿಗಿದರೆ ಚಕ್ರ ಗಟ್ಟಿಯಾಗಿ, ಆಟೋಪೈಲಟ್ಟು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ಹೊಸ ದಾರ ಹಾಕಿದ ಮೇಲೂ ಸೋರಿಕೆ ನಿಲ್ಲದಿದ್ದರೆ ದೋಷ ದಾರದಲ್ಲಿಲ್ಲ, ದಂಡದಲ್ಲಿದೆ ಎಂದು ತಿಳಿಯಬೇಕು. ಸ್ಟೇನ್‌ಲೆಸ್ ಉಕ್ಕು ತುಕ್ಕು ಹಿಡಿಯದಿರುವುದು ಅದರ ಮೈಮೇಲೆ ಆಮ್ಲಜನಕದಿಂದ ರೂಪುಗೊಳ್ಳುವ ತೆಳುಪದರದ ಕಾರಣದಿಂದ. ಒದ್ದೆ ದಾರದ ಕೆಳಗೆ, ಗಾಳಿಯಾಡದ ಉಪ್ಪುನೀರಿನಲ್ಲಿ, ಆ ಪದರ ಉಳಿಯುವುದಿಲ್ಲ. ದಂಡದ ಮೇಲೆ ಸಣ್ಣ ಸಣ್ಣ ಕುಳಿಗಳು ಬೀಳುತ್ತವೆ. ಹೊರಗಿನಿಂದ ಥಳಥಳಿಸುವ ದಂಡ ಗ್ಲ್ಯಾಂಡಿನ ಮರೆಯಲ್ಲಿ ಸವೆದಿರುತ್ತದೆ. ಇದು ನೀರಿನ ಸೋರಿಕೆಗಿಂತ ಗಂಭೀರ ವಿಷಯ, ಏಕೆಂದರೆ ಅದೇ ದಂಡ ಅಲೆಯ ಹೊಡೆತವನ್ನು ತಾಳಬೇಕಾಗಿದೆ.

ಇತ್ತೀಚಿನ ಅನೇಕ ನೌಕೆಗಳಲ್ಲಿ ದಾರದ ಬದಲು ರಬ್ಬರಿನ ಸೀಲುಗಳು, ಇಲ್ಲವೇ ಕೊಳವೆಗೂ ದಂಡಕ್ಕೂ ಸೇರಿಸಿ ಬಿಗಿದ ಮಡಿಕೆ ಮಡಿಕೆಯಾದ ರಬ್ಬರು ತೋಳು ಇರುತ್ತದೆ. ನಿರ್ವಹಣೆ ಬೇಡವೆಂದು ಮಾರಾಟಗಾರರು ಹೇಳುವುದುಂಟು. ರಬ್ಬರು ನಮ್ಮ ಹವೆಯಲ್ಲಿ ಎಷ್ಟು ವರ್ಷ ಬಾಳುತ್ತದೆಂದು ಸ್ಕೂಟರಿನ ಟೈರು ಬಲ್ಲವರಿಗೆ ಹೇಳಬೇಕಾಗಿಲ್ಲ. ಮಡಿಕೆಗಳ ಒಳಗೆ ಬೆರಳಾಡಿಸಿ ಬಿರುಕು ಹುಡುಕಬೇಕು. ಎರಡೂ ತುದಿಗಳ ಕ್ಲಿಪ್ಪುಗಳನ್ನು ನೋಡಬೇಕು. ಕೆಲವು ಮಾದರಿಗಳಲ್ಲಿ ಸೀಲು ಬದಲಾಯಿಸಲು ಚುಕ್ಕಾಣಿಯನ್ನೇ ಕೆಳಗಿಳಿಸಬೇಕಾಗುವುದರಿಂದ ನೌಕೆಯನ್ನು ಮೇಲಕ್ಕೆತ್ತಿದ ವರ್ಷವೇ ಆ ಕೆಲಸ ಮುಗಿಸುವುದು ಮಿತವ್ಯಯ.

ಕೊಳವೆಯ ಬುಡವೂ ಮುಖ್ಯ. ಫೈಬರ್‌ಗ್ಲಾಸ್ ಕೊಳವೆಯನ್ನು ತಳಕ್ಕೆ ಅಂಟಿಸಿದ ಜಾಗದಲ್ಲಿ ಕೂದಲೆಳೆಯ ಬಿರುಕುಗಳಿದ್ದರೆ ಅದು ಬಣ್ಣದ ದೋಷವಲ್ಲ. ನೌಕೆ ನೆಲದ ಮೇಲಿರುವಾಗ ಒಬ್ಬರು ಚುಕ್ಕಾಣಿ ಹಲಗೆಯ ಕೆಳತುದಿಯನ್ನು ಪಕ್ಕಕ್ಕೆ ನೂಕಬೇಕು, ಇನ್ನೊಬ್ಬರು ಒಳಗೆ ಟಾರ್ಚು ಹಿಡಿದು ಬುಡವನ್ನು ನೋಡಬೇಕು. ಬುಡ ಅಲುಗಿದರೆ ಸಮುದ್ರಕ್ಕೆ ಇಳಿಸಬಾರದು. ಈ ಪರೀಕ್ಷೆಗೆ ಖರ್ಚಿಲ್ಲ.

ಮೇಲಿನಿಂದ ಬರುವ ನೀರು

ಕೆಳಗಿನ ರಂಧ್ರವನ್ನು ಕುರಿತು ಚಿಂತಿಸುವವರೂ ಮೇಲಿನ ಮುಚ್ಚಳವನ್ನು ಮರೆಯುತ್ತಾರೆ. ಕಾಕ್‌ಪಿಟ್ಟಿನ ಆಸನವನ್ನೇ ಎತ್ತಿದರೆ ಕೋಣೆ ತೆರೆಯುವಂತೆ ಮಾಡಿರುವುದು ಸಾಮಾನ್ಯ ವಿನ್ಯಾಸ. ಅಲೆಯೊಂದು ಕಾಕ್‌ಪಿಟ್ಟನ್ನು ತುಂಬಿದಾಗ, ಅದು ಬರಿದಾಗುವವರೆಗೂ ಗ್ಯಾಸ್ಕೆಟ್ ಸೋರುತ್ತಲೇ ಇರುತ್ತದೆ. ಕೊಂಡಿ ಇಲ್ಲದ ಮುಚ್ಚಳ ನೌಕೆ ಮಗುಚಿದಾಗ ತಾನೇ ತೆರೆದುಕೊಳ್ಳುತ್ತದೆ. ಸರಕು ಹಡಗುಗಳ ಹ್ಯಾಚ್ ಮುಚ್ಚಳಗಳನ್ನು ಸರ್ವೇಯರುಗಳು ಪರೀಕ್ಷಿಸುವ ಚಾಕ್ ವಿಧಾನ ಇಲ್ಲಿಗೂ ಒಪ್ಪುತ್ತದೆ. ಅಂಚಿನ ಸುತ್ತ ಸೀಮೆಸುಣ್ಣ ತಿಕ್ಕಿ, ಮುಚ್ಚಳ ಹಾಕಿ, ಕೊಂಡಿ ಬಿಗಿದು, ಮತ್ತೆ ತೆರೆದು ನೋಡಿದರೆ ಗ್ಯಾಸ್ಕೆಟ್ಟಿನ ಮೇಲೆ ಬಿಳಿಯ ಗೆರೆ ಮೂಡಿರುತ್ತದೆ. ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿ ನೀರು ಬರುತ್ತದೆ. ನಂತರ ಒಬ್ಬರನ್ನು ಒಳಗೆ ಕೂರಿಸಿ ಹೊರಗಿನಿಂದ ಹೋಸ್ ಪೈಪಿನಲ್ಲಿ ನೀರು ಹಾಯಿಸಬೇಕು.

ತುರ್ತು ಚುಕ್ಕಾಣಿಗೋಲನ್ನು ಸಿಕ್ಕಿಸಲು ಡೆಕ್ಕಿನಲ್ಲಿ ತಿರುಪಿನ ಬಿಲ್ಲೆಯೊಂದಿರುತ್ತದೆ; ಅದರ ಓ-ರಿಂಗ್ ಒಣಗಿದ್ದರೆ ಮಳೆಯ ನೀರೂ ನೇರವಾಗಿ ಕ್ವಾಡ್ರಂಟಿನ ಮೇಲೆ ಬೀಳುತ್ತದೆ. ಮತ್ತೊಂದು ವಿಚಿತ್ರ ದಾರಿಯೆಂದರೆ ನೀರನ್ನು ಹೊರಹಾಕಲೆಂದೇ ಇರುವ ಬಿಲ್ಜ್ ಪಂಪಿನ ಕೊಳವೆ. ಅದರ ಹೊರಬಾಯಿ ಹಿಂಬದಿಯಲ್ಲಿ ಜಲರೇಖೆಗೆ ಸಮೀಪವಿದ್ದು, ಹಿಂಬದಿ ಕುಸಿದಾಗ ನೀರೊಳಗೆ ಸೇರಿದರೆ, ಪಂಪು ನಿಂತ ಕೂಡಲೇ ಸಮುದ್ರವೇ ಅದರ ಮೂಲಕ ಒಳಕ್ಕೆ ಹರಿಯತೊಡಗುತ್ತದೆ. ಕೊಳವೆಯನ್ನು ಡೆಕ್ಕಿನ ಕೆಳಗೆ ಆದಷ್ಟು ಎತ್ತರಕ್ಕೆ ಕಮಾನಿನಂತೆ ಏರಿಸಿ, ಅದರ ನೆತ್ತಿಯಲ್ಲಿ ಗಾಳಿ ತೆಗೆದುಕೊಳ್ಳುವ ಕವಾಟ ಇಡುವುದೇ ಸರಿಯಾದ ಪರಿಹಾರ. ಏಕಮುಖ ಕವಾಟವೊಂದನ್ನೇ ನಂಬಬಾರದು. ಒಂದು ದಾರದ ಎಳೆ ಸಿಕ್ಕಿಕೊಂಡರೂ ಅದು ಮುಚ್ಚುವುದಿಲ್ಲ.

ಅಡ್ಡಗೋಡೆ

ಮೇಲಿನ ಎಲ್ಲ ಕ್ರಮಗಳೂ ನಿಧಾನ ಸೋರಿಕೆಗೆ ಸಾಕು. ಹೊಡೆತ ಬಿದ್ದು ದಂಡ ಬಾಗಿ ಕೊಳವೆ ಸೀಳಿದರೆ ಸಾಲವು. ಸ್ಪೇನ್ ಮತ್ತು ಪೋರ್ಚುಗಲ್ ಕರಾವಳಿಯಲ್ಲಿ 2020ರಿಂದ ಓರ್ಕಾ ತಿಮಿಂಗಿಲಗಳು ಹಾಯಿನೌಕೆಗಳ ಚುಕ್ಕಾಣಿಗಳನ್ನೇ ಹುಡುಕಿ ಗುದ್ದುತ್ತಿರುವುದು ವರದಿಯಾಗಿದೆ. 2023ರ ಅಕ್ಟೋಬರ್ 31ರಂದು ‘ಗ್ರಾಟ್ಸಿಯೆ ಮಮ್ಮಾ’ ಎಂಬ ನೌಕೆಯ ಚುಕ್ಕಾಣಿಯನ್ನು ಅವು ಸುಮಾರು 45 ನಿಮಿಷ ಗುದ್ದಿದವು. ಒಳಗೆ ನೀರು ಬಂದು, ಎಳೆದುಕೊಂಡು ಹೋಗುತ್ತಿದ್ದಾಗ ಮೊರಾಕೊದ ಟ್ಯಾಂಜಿಯರ್ ಮೆಡ್ ಬಂದರಿನ ಬಾಗಿಲಲ್ಲೇ ಅದು ಮುಳುಗಿತು. 2024ರ ಮೇ 12ರಂದು ಜಿಬ್ರಾಲ್ಟರ್ ಜಲಸಂಧಿಯ ಬಳಿ 15 ಮೀಟರ್ ಉದ್ದದ ‘ಅಲ್ಬೊರಾನ್ ಕೊನ್ಯಾಕ್’ ಇದೇ ರೀತಿ ಮುಳುಗಿತು; ಅದರಲ್ಲಿದ್ದ ಇಬ್ಬರನ್ನು ತೈಲ ಹಡಗೊಂದು ರಕ್ಷಿಸಿತು. ಓರ್ಕಾ ಇಲ್ಲದ ಸಮುದ್ರದಲ್ಲಿ ತೇಲುವ ಮರದ ದಿಮ್ಮಿ ಅಥವಾ ಕಂಟೇನರು ಅದೇ ಕೆಲಸ ಮಾಡಬಲ್ಲದು.

ಇಂತಹ ಹೊತ್ತಿನಲ್ಲಿ ನೌಕೆಯನ್ನು ಉಳಿಸುವುದು ಒಂದೇ: ಚುಕ್ಕಾಣಿ ಕೋಣೆಗೂ ವಾಸದ ಕೋಣೆಗೂ ನಡುವೆ ನಿಜವಾಗಿ ನೀರು ತಡೆಯುವ ಅಡ್ಡಗೋಡೆ. ಬಹುತೇಕ ನೌಕೆಗಳಲ್ಲಿ ಗೋಡೆಯೇನೋ ಇರುತ್ತದೆ. ಆದರೆ ವರ್ಷಗಳುದ್ದಕ್ಕೂ ಎಲೆಕ್ಟ್ರಿಷಿಯನ್ನರು, ಪ್ಲಂಬರುಗಳು ತಂತಿ, ಕೊಳವೆ, ಕೇಬಲ್ಲುಗಳಿಗಾಗಿ ಕೊರೆದ ತೂತುಗಳಿಂದ ಅದು ಜರಡಿಯಾಗಿರುತ್ತದೆ. ಕೋಣೆಯ ನೀರು ಮುಂದಿನ ಬಿಲ್ಜಿಗೆ ಹರಿದು ಹೋಗಲೆಂದು ಬುಡದಲ್ಲಿ ಬಿಟ್ಟ ತೂತು ಬೇರೆ. ತಂತಿಗಳ ತೂತುಗಳಿಗೆ ಗ್ಲ್ಯಾಂಡ್ ಹಾಕಿ, ಬುಡದ ತೂತಿಗೆ ಮುಂಬದಿಯಿಂದ ಮುಚ್ಚಬಲ್ಲ ಕವಾಟ ಜೋಡಿಸಬೇಕು. ಗೋಡೆ ಭದ್ರವಾದ ಮೇಲೆ ಕೋಣೆಯ ನೀರು ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ, ಅಲ್ಲಿಗೊಂದು ಪ್ರತ್ಯೇಕ ಪಂಪು, ನೀರು ಏರಿದಾಗ ಕೂಗುವ ಎಚ್ಚರಿಕೆ ಗಂಟೆ ಇವೆರಡೂ ಇರಲೇಬೇಕು. ಗಂಟೆಯನ್ನು ಪಂಪಿಗಿಂತ ಮೊದಲು ಕೊಳ್ಳಿರಿ ಎಂಬುದು ನನ್ನ ಅಭಿಪ್ರಾಯ. ತಾನೇ ಚಾಲನೆಯಾಗುವ ಪಂಪು ಸದ್ದಿಲ್ಲದೆ ಸೋರಿಕೆಯನ್ನು ಮುಚ್ಚಿಡುತ್ತದೆ, ಬ್ಯಾಟರಿ ಬರಿದಾಗುವ ದಿನದವರೆಗೆ.

ಅಂದ ಹಾಗೆ, ಚುಕ್ಕಾಣಿಯ ತೊಂದರೆ ದೂರದವರದು ಮಾತ್ರವಲ್ಲ. ನೆರೆಯ ಗೋವಾದ ದಿವಾರ್ ದ್ವೀಪದ ಅಕ್ವೇರಿಯಸ್ ಶಿಪ್‌ಯಾರ್ಡಿನಲ್ಲಿ ತಯಾರಾದ, ನೌಕಾಪಡೆಯ 56 ಅಡಿಯ ‘ತಾರಿಣಿ’ಯು ಮಹಿಳಾ ಅಧಿಕಾರಿಗಳ ತಂಡದೊಡನೆ 2017-18ರಲ್ಲಿ ಭೂಪ್ರದಕ್ಷಿಣೆ ಮಾಡಿತಷ್ಟೆ. ಆ ಯಾನದ ಕೊನೆಯ ಹಂತದಲ್ಲಿ, ಯೋಜನೆಯಲ್ಲಿಲ್ಲದಿದ್ದರೂ, ಮಾರಿಷಸ್ಸಿನ ಪೋರ್ಟ್ ಲೂಯಿಯಲ್ಲಿ ನಿಲ್ಲಬೇಕಾಗಿ ಬಂದದ್ದು ಚುಕ್ಕಾಣಿ ವ್ಯವಸ್ಥೆಯ ದೋಷದಿಂದಲೇ.

ವಿಮೆಯ ದೃಷ್ಟಿ

ಭಾರತದಲ್ಲಿ ನೌಕಾ ವಿಮೆಗೆ 1963ರ ಸಾಗರ ವಿಮಾ ಅಧಿನಿಯಮ ಅನ್ವಯಿಸುತ್ತದೆ. ಇಂಗ್ಲೆಂಡಿನ 1906ರ ಕಾಯಿದೆಯೇ ಇದಕ್ಕೆ ಮಾದರಿಯಾದುದರಿಂದ ಅಲ್ಲಿಯ ತೀರ್ಪುಗಳಿಗೆ ಇಲ್ಲಿಯೂ ಮನ್ನಣೆ ಇದೆ. ಎರಡು ಕಲಮುಗಳನ್ನು ಮಾಲೀಕರು ಬಲ್ಲವರಾಗಿರಬೇಕು.

ಕಲಂ 41 ಸಾಗರಯೋಗ್ಯತೆಯನ್ನು ಕುರಿತದ್ದು. ಒಂದು ನಿರ್ದಿಷ್ಟ ಯಾನಕ್ಕೆ ಪಡೆದ ಪಾಲಿಸಿಯಲ್ಲಿ, ಯಾನದ ಆರಂಭದಲ್ಲಿ ನೌಕೆ ಸಾಗರಯೋಗ್ಯವಾಗಿತ್ತೆಂಬ ಭರವಸೆ ತಾನಾಗಿಯೇ ಅಡಕವಾಗಿರುತ್ತದೆ. ವರ್ಷಾವಧಿಯ ಪಾಲಿಸಿಯಲ್ಲಿ ಅಂತಹ ಭರವಸೆ ಇಲ್ಲ; ಆದರೆ ನೌಕೆ ಯೋಗ್ಯವಲ್ಲವೆಂದು ತಿಳಿದೂ ವಿಮಾದಾರನು ಅದನ್ನು ಸಮುದ್ರಕ್ಕೆ ಕಳುಹಿಸಿದರೆ, ಆ ಅಯೋಗ್ಯತೆಯಿಂದಾದ ನಷ್ಟಕ್ಕೆ ವಿಮಾ ಸಂಸ್ಥೆ ಹೊಣೆಯಲ್ಲ. ವಿಹಾರ ನೌಕೆಗಳಿಗೆ ಸಾಮಾನ್ಯವಾಗಿ ವರ್ಷಾವಧಿಯ ಪಾಲಿಸಿ ಇರುವುದರಿಂದ ವಿವಾದವೆಲ್ಲ ‘ತಿಳಿದೂ’ ಎಂಬ ಪದದ ಸುತ್ತ ನಡೆಯುತ್ತದೆ. ‘ಗ್ಲ್ಯಾಂಡ್ ಸೋರುತ್ತಿದೆ, ಮುಂದಿನ ಸಲ ನೋಡೋಣ’ ಎಂದು ಮೆಕ್ಯಾನಿಕ್ಕಿಗೆ ಕಳುಹಿಸಿದ ಮೊಬೈಲ್ ಸಂದೇಶ ಅಂತಹ ವಿವಾದದಲ್ಲಿ ಮಾಲೀಕನ ವಿರುದ್ಧವೇ ಪುರಾವೆಯಾಗಬಲ್ಲದು.

ಕಲಂ 55ರ ಪ್ರಕಾರ, ಪಾಲಿಸಿಯಲ್ಲಿ ಬೇರೆ ರೀತಿ ಹೇಳದಿದ್ದರೆ, ಸಹಜ ಸವಕಳಿ ಮತ್ತು ಸಹಜ ಸೋರಿಕೆಗೆ ಪರಿಹಾರವಿಲ್ಲ. ಸಮುದ್ರದ ಅಪಾಯವೆಂದರೆ ಆಕಸ್ಮಿಕವಾದದ್ದು. ಗಾಳಿ ಅಲೆಗಳ ಮಾಮೂಲು ವರ್ತನೆ ಅದರಲ್ಲಿ ಸೇರದು. ಚುಕ್ಕಾಣಿ ಕೋಣೆಯ ಸೋರಿಕೆ ಈ ಎರಡರ ಗಡಿಯ ಮೇಲೆಯೇ ನಿಂತಿರುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರರೊಬ್ಬರ ಹಾಯಿನೌಕೆ ಗೋವಾದಿಂದ ಮುಂಬಯಿಗೆ ಹೋಗುವಾಗ ಪ್ರಕ್ಷುಬ್ಧ ಸಮುದ್ರಕ್ಕೆ ಸಿಕ್ಕಿ, ಕೋಣೆಗೆ ನೀರು ತುಂಬಿ, ಆಟೋಪೈಲಟ್ಟಿನ ಮೋಟಾರು ಮತ್ತು ಅದರ ನಿಯಂತ್ರಣ ಪೆಟ್ಟಿಗೆ ಹಾಳಾದವು. ಹವಾಮಾನ ವರದಿ, ನಾವಿಕರ ಹೇಳಿಕೆ ಎಲ್ಲವೂ ನಮ್ಮ ಪರವಾಗಿದ್ದವು. ಸರ್ವೇಯರರು ಕೋಣೆಯ ಬದಿಗೋಡೆಯ ಛಾಯಾಚಿತ್ರವೊಂದನ್ನು ಮಾತ್ರ ವರದಿಗೆ ಲಗತ್ತಿಸಿದರು. ಅದರಲ್ಲಿ ಒಂದರ ಮೇಲೊಂದು ನಾಲ್ಕು ಉಪ್ಪಿನ ಗೆರೆಗಳಿದ್ದವು. ನೀರು ನಾಲ್ಕು ಬೇರೆ ಬೇರೆ ಮಟ್ಟಕ್ಕೆ ಏರಿ, ನಿಂತು, ಒಣಗಿದೆ ಎಂದು ಅವರು ಒಂದೇ ವಾಕ್ಯ ಬರೆದರು. ವಿಮಾ ಸಂಸ್ಥೆಯು ಹಳೆಯ ಸೋರಿಕೆಯೆಂದು ಕ್ಲೇಮನ್ನು ತಿರಸ್ಕರಿಸಿತು. ದೀರ್ಘ ಪತ್ರವ್ಯವಹಾರದ ನಂತರ ದೊರೆತದ್ದು ಅಲ್ಪಾಂಶ. ಗ್ಲ್ಯಾಂಡಿನ ದಾರವನ್ನು ಹಿಂದಿನ ವರ್ಷವೇ ಬದಲಿಸಲಾಗಿತ್ತೆಂದು ಕಕ್ಷಿದಾರರು ಹೇಳುತ್ತಿದ್ದರು. ಹಣವನ್ನು ನಗದಾಗಿ ಕೊಟ್ಟಿದ್ದುದರಿಂದ ಬಿಲ್ ಇರಲಿಲ್ಲ.

ಕುರುಹೇ ಉಳಿಯದೆ ನೌಕೆ ಮುಳುಗಿದರೆ ಮಾಲೀಕನಿಗೆ ಅನುಕೂಲವೆಂದು ಭಾವಿಸುವವರು ‘ಪೋಪಿ ಎಂ’ ಪ್ರಕರಣವನ್ನು ಗಮನಿಸಬೇಕು. 1976ರ ಆಗಸ್ಟ್‌ನಲ್ಲಿ ಆ ಸರಕು ಹಡಗು ಮೆಡಿಟರೇನಿಯನ್ ಸಮುದ್ರದಲ್ಲಿ, ಶಾಂತ ಹವೆಯಲ್ಲಿ, ಬದಿ ಒಡೆದು ಮುಳುಗಿತು. ನೀರೊಳಗಿದ್ದ ಜಲಾಂತರ್ಗಾಮಿ ಗುದ್ದಿತೆಂದು ಮಾಲೀಕರು, ಸವಕಳಿಯೆಂದು ವಿಮಾದಾರರು ವಾದಿಸಿದರು. 1985ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು: ನಷ್ಟದ ಕಾರಣವನ್ನು ಸಾಧ್ಯತೆಯ ತಕ್ಕಡಿಯಲ್ಲಿ ರುಜುವಾತುಪಡಿಸುವ ಹೊಣೆ ಮಾಲೀಕನದು, ಎರಡು ಕಥೆಗಳೂ ಅಸಂಭವವೆನಿಸಿದರೆ ಒಂದನ್ನು ಆರಿಸಲೇಬೇಕೆಂಬ ನಿರ್ಬಂಧ ನ್ಯಾಯಾಲಯಕ್ಕಿಲ್ಲ, ರುಜುವಾತು ಸಾಲದಿದ್ದರೆ ದಾವೆ ಬಿದ್ದುಹೋಗುತ್ತದೆ. ಮಾಲೀಕರು ಸೋತರು.

ಇದಕ್ಕೆ ಪ್ರತಿಯಾಗಿ ‘ಮಿಸ್ ಜೇ ಜೇ’ ಎಂಬ ವಿಹಾರ ನೌಕೆಯ ಪ್ರಕರಣದಲ್ಲಿ, ನೌಕೆಯ ವಿನ್ಯಾಸವೇ ದೋಷಪೂರ್ಣವಾಗಿದ್ದರೂ, ಸಮುದ್ರದ ಹೊಡೆತವೂ ಸಮಾನ ಕಾರಣವೆಂದು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಪರಿಹಾರವನ್ನು ಎತ್ತಿಹಿಡಿಯಿತು. ಅಲ್ಲಿನ ಪಾಲಿಸಿ ವಿನ್ಯಾಸದೋಷವನ್ನು ಹೊರಗಿಟ್ಟಿರಲಿಲ್ಲ ಎಂಬುದು ನಿರ್ಣಾಯಕವಾಯಿತು. ಸವಕಳಿಯನ್ನು ಸ್ಪಷ್ಟವಾಗಿ ಹೊರಗಿಟ್ಟ ಪಾಲಿಸಿಗೆ ಇದೇ ತರ್ಕ ಒಗ್ಗದು. ಆದುದರಿಂದ ಪಾಲಿಸಿಯ ಮೊದಲ ಪುಟಕ್ಕಿಂತ ಹೊರಗಿಟ್ಟವುಗಳ ಪಟ್ಟಿಯನ್ನು ಮೊದಲು ಓದಬೇಕು. ಅನೇಕ ವಿಹಾರ ನೌಕಾ ಪಾಲಿಸಿಗಳು ಕಣ್ಣಿಗೆ ಕಾಣದ ದೋಷದಿಂದಾದ ಹಾನಿಯನ್ನು, ಮಾಲೀಕನು ತಕ್ಕ ಎಚ್ಚರಿಕೆ ವಹಿಸಿದ್ದರೆ ಮಾತ್ರ, ಭರಿಸುತ್ತವೆ. ‘ತಕ್ಕ ಎಚ್ಚರಿಕೆ’ಯನ್ನು ತೋರಿಸುವುದು ಕಾಗದಗಳಿಂದಲೇ ಹೊರತು ಪ್ರಮಾಣ ಮಾಡುವುದರಿಂದಲ್ಲ.

ತೆರಿಗೆಯ ಬಗ್ಗೆ ಒಂದು ಮಾತು. ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ ಕಲಂ 17(5)ರ ಪ್ರಕಾರ ನೌಕೆಯ ಖರೀದಿಗೆ ಮಾತ್ರವಲ್ಲ, ಅದರ ವಿಮೆ, ದುರಸ್ತಿ ಮತ್ತು ನಿರ್ವಹಣೆಯ ಸೇವೆಗಳಿಗೆ ತೆತ್ತ ತೆರಿಗೆಗೂ ಹೂಡುವಳಿ ಜಮೆ ಸಾಮಾನ್ಯವಾಗಿ ದೊರೆಯುವುದಿಲ್ಲ. ಪ್ರಯಾಣಿಕರ ಅಥವಾ ಸರಕಿನ ಸಾಗಾಟ, ನೌಕಾಯಾನ ತರಬೇತಿ, ನೌಕೆಯ ಮರುಮಾರಾಟ ಇವುಗಳಿಗೆ ಬಳಸಿದಾಗ ಈ ನಿರ್ಬಂಧವಿಲ್ಲ. ಮಾಲೀಕನ ಸ್ವಂತ ವಿಹಾರಕ್ಕೂ ಪ್ರವಾಸಿಗರಿಗೂ ಒಂದೇ ನೌಕೆಯನ್ನು ಬಳಸುವವರು ಯಾನದ ದಾಖಲೆಯನ್ನು ಪ್ರತ್ಯೇಕವಾಗಿ ಇಡಬೇಕು.

ಯಾವಾಗ, ಹೇಗೆ

ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುತ್ತದೆ. ವಿಹಾರ ನೌಕೆಗಳೂ ಮುಂಗಾರಿನಲ್ಲಿ ದಡ ಸೇರುತ್ತವೆ. ಈ ಅವಧಿಯೇ ಪ್ರಶಸ್ತ. ಮೊದಲು ಕೋಣೆಯನ್ನು ಪೂರ್ತಿ ಬರಿದು ಮಾಡಿ, ಸಿಹಿನೀರಿನಿಂದ ತೊಳೆದು, ಒಣಗಿಸಿ, ಹಳೆಯ ಉಪ್ಪಿನ ಗೆರೆಗಳನ್ನು ಅಳಿಸಿರಿ. ಮುಂದೆ ಕಾಣುವ ಗೆರೆ ಯಾವ ಯಾನದ್ದೆಂದು ಆಗ ಗೊತ್ತಾಗುತ್ತದೆ. ಅಳಿಸುವ ಮೊದಲು ಮತ್ತು ನಂತರ ದಿನಾಂಕ ಸಹಿತ ಛಾಯಾಚಿತ್ರ ತೆಗೆಯಿರಿ. ಗ್ಲ್ಯಾಂಡಿನ ದಾರ ಬದಲಿಸಿದ ದಿನ, ದಂಡದ ಮೇಲೆ ಕುಳಿಗಳಿದ್ದವೇ ಎಂಬ ಟಿಪ್ಪಣಿ, ಚಾಕ್ ಪರೀಕ್ಷೆಯ ಫಲಿತಾಂಶ, ಪಂಪು ಒಂದು ಬಕೆಟ್ ನೀರನ್ನು ಎಷ್ಟು ಸೆಕೆಂಡಿನಲ್ಲಿ ಹೊರಹಾಕಿತು ಎಂಬ ಅಳತೆ, ಇವು ನಾಲ್ಕನ್ನೂ ಒಂದೇ ಪುಟದಲ್ಲಿ ಬರೆದು ಮೆಕ್ಯಾನಿಕ್ಕಿನ ಸಹಿ ಪಡೆಯಿರಿ. ಹಣವನ್ನು ಬ್ಯಾಂಕಿನ ಮೂಲಕ ಕೊಟ್ಟು ಬಿಲ್ಲನ್ನು ಕೇಳಿ ಪಡೆಯಿರಿ. ಸಣ್ಣ ಕೆಲಸಕ್ಕೆ ಬಿಲ್ ಕೇಳಿದರೆ ಮೆಕ್ಯಾನಿಕ್ಕು ಮುಖ ಸಿಂಡರಿಸುವುದು ಸಹಜ; ಕೇಳಲು ಸಂಕೋಚ ಬೇಡ.

ಈ ಪುಟದ ಒಂದು ಪ್ರತಿಯನ್ನು ಪಾಲಿಸಿಯ ನವೀಕರಣದ ಅರ್ಜಿಯೊಂದಿಗೆ ವಿಮಾ ಸಂಸ್ಥೆಗೆ ಕಳುಹಿಸಿ ಸ್ವೀಕೃತಿ ಪಡೆಯುವುದು ಸೂಕ್ತ. ಮೂಲ ಪ್ರತಿಯನ್ನು ಮನೆಯಲ್ಲಿಯೋ ಕಚೇರಿಯಲ್ಲಿಯೋ ಇಡಬೇಕು, ನೌಕೆಯಲ್ಲಿ ಅಲ್ಲ.